ಮಾರುವ ಮನೆಯ ಅಂಗಳ

ಮನೆ ನೋಡಲು ಬಂದ ದಲ್ಲಾಳಿ ಗೇಟಿನಿಂದ ಒಳಗೆ ಕಾಲಿಡಲೇ ಇಲ್ಲ. ಹಿಂದಿನ ದಿನ ಮಳೆ ಬಿದ್ದಿತ್ತು. ಗೇಟಿನಿಂದ ಬಾಗಿಲವರೆಗೆ ಇಟ್ಟಿಗೆಗಳ ಮೇಲೆ ಎರಡು ಹಲಗೆ ಹಾಸಿತ್ತು. ಅದರ ಎರಡೂ ಪಕ್ಕಕ್ಕೆ ಕೆಸರು. ಮೂಲೆಯಲ್ಲಿ ತುಕ್ಕು ಹಿಡಿದ ಎಂಜಿನ್ನು, ಎರಡು ಸವೆದ ಟೈರು, ಮನೆ ಕಟ್ಟಿದಾಗ ಉಳಿದ ಇಟ್ಟಿಗೆ ಚೂರಿನ ಗುಡ್ಡೆ. ದಲ್ಲಾಳಿ ತನ್ನ ಬಿಳಿ ಬೂಟನ್ನೊಮ್ಮೆ, ಹಲಗೆಯನ್ನೊಮ್ಮೆ ನೋಡಿದ.

"ಒಳಗೆ ಚೆನ್ನಾಗಿರಬಹುದು ಸಾರ್, ನಾನು ಇಲ್ಲ ಅನ್ನಲ್ಲ. ಆದ್ರೆ ಕೊಳ್ಳೋರು ಒಳಗೆ ಬಂದ್ರೆ ತಾನೇ? ಇದನ್ನ ನೋಡಿದ್ರೆ ಅವರು ಕಾರಿಂದಾನೇ ಇಳಿಯಲ್ಲ."

"ಏನು ಮಾಡ್ಬೇಕು ಹೇಳಿ" ಎಂದ ಮನೆಯ ಯಜಮಾನ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್.

"ಕಲ್ಲು ಹಾಸಿ. ಕೂರೋಕೆ ಒಂದು ಬೆಂಚು ಗಿಂಚು. ಗೇಟಿಗೆ ಬಣ್ಣ. ನಾಲ್ಕು ಗಿಡ. ನೋಡಿದ ತಕ್ಷಣ, ಇಲ್ಲಿ ಕೂತು ಒಂದು ಲೋಟ ಟೀ ಕುಡಿಯೋಣ ಅನ್ನಿಸ್ಬೇಕು."

ಬಾಗಿಲಲ್ಲಿ ನಿಂತಿದ್ದ ಮೆಕ್ಯಾನಿಕ್‌ನ ಹೆಂಡತಿ ಜೋರಾಗಿ ನಕ್ಕಳು. ಅದು ಸಂತೋಷದ ನಗುವಲ್ಲ ಎಂದು ಗಂಡನಿಗೆ ಗೊತ್ತಾಯಿತು. ಅವನು ತಿರುಗಿ ನೋಡಲಿಲ್ಲ.

ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಬೀದಿಗೆಲ್ಲ ಅವಳು ಟೈಲರಕ್ಕ. ಹದಿನೆಂಟು ವರ್ಷದ ಹಿಂದೆ ಈ ಮನೆಗೆ ಬಂದ ವಾರವೇ ಗಂಡನಿಗೆ ಹೇಳಿದ್ದಳು: ಮುಂದೆ ಕಲ್ಲು ಹಾಸಿಸಿ, ಗೋಡೆಗೆ ಒರಗಿದ ಹಾಗೆ ಒಂದು ಬೆಂಚು ಮಾಡಿಸಿ, ಸಂಜೆ ಬೆಳಕಲ್ಲಿ ಕೂತು ಕೈಹೊಲಿಗೆ ಕೆಲಸ ಮುಗಿಸ್ತೀನಿ. "ಮುಂದಿನ ತಿಂಗಳು" ಎಂದಿದ್ದ ಮೆಕ್ಯಾನಿಕ್. ಆಮೇಲೆ ಮಗಳನ್ನು ಶಾಲೆಗೆ ಸೇರಿಸಬೇಕಾಯಿತು, ಚಾವಣಿ ಸೋರಿತು, ಅವನ ತಾಯಿ ಬಂದು ಸೇರಿದರು. ಮುಂದಿನ ತಿಂಗಳು ಮುಂದೆ ಮುಂದೆ ಹೋಗುತ್ತಲೇ ಇತ್ತು. ಮೂರು ವರ್ಷದ ಹಿಂದೆ ಊರಿನ ಡಿಪೋ ಮುಚ್ಚಿ, ಅವನನ್ನು ಬಸ್ಸಿನಲ್ಲಿ ಆರು ಗಂಟೆ ದೂರದ ದೊಡ್ಡ ಡಿಪೋಗೆ ಹಾಕಿದರು. ಶನಿವಾರ ಸಂಜೆ ಬರುತ್ತಿದ್ದ, ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದ. ಭಾನುವಾರ ಅರ್ಧ ದಿನ ನಿದ್ದೆ. ಕೆಸರಿನ ಬಗ್ಗೆ ಅವಳು ಮಾತೆತ್ತುವುದನ್ನೇ ಬಿಟ್ಟಿದ್ದಳು.

ಈಗ ಮನೆ ಮಾರಿ ಎಲ್ಲರೂ ಡಿಪೋ ಇರುವ ಊರಿಗೇ ಹೋಗುವುದೆಂದು ಅವನು ತೀರ್ಮಾನ ಮಾಡಿದ್ದ. ಅವಳು ಹೂಂ ಎಂದೂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ.

ಅವತ್ತು ಊಟಕ್ಕೆ ಕೂತಾಗ ಅಜ್ಜಿಯೇ ಶುರು ಮಾಡಿದರು. "ಏನಂದ ಆ ಬಿಳಿ ಬೂಟು?"

"ಅಂಗಳ ಸರಿ ಮಾಡಿಸ್ಬೇಕಂತೆ ಅಮ್ಮ."

"ಅದನ್ನ ಹೇಳೋಕೆ ಅವನೇ ಬರ್ಬೇಕಿತ್ತಾ? ನಿನ್ನ ಹೆಂಡ್ತಿ ಬಾಯಿ ಸವೆಯೋ ಹಾಗೆ ಹೇಳಿದ್ದಳಲ್ಲ."

"ಬಿಡಿ ಅತ್ತೆ" ಎಂದಳು ಟೈಲರಕ್ಕ, ಅನ್ನದ ಪಾತ್ರೆ ಕೆರೆಯುತ್ತ. "ನಾನು ಹೇಳಿದ್ದು ನಮಗೆ ಕೂರೋಕೆ. ಅವನು ಹೇಳಿದ್ದು ಬೇರೆಯವರು ಕೂರೋಕೆ. ಬೇರೆಯವರಿಗಾದ್ರೆ ಕೆಲಸ ಬೇಗ ಆಗತ್ತೆ."

ಮೆಕ್ಯಾನಿಕ್ ತಟ್ಟೆಯಿಂದ ಕಣ್ಣೆತ್ತದೆ ಬೇಳೆ ಕಲಸಿದ. ಹತ್ತೊಂಬತ್ತರ ಮಗಳು ನಕ್ಷೆ ಬರೆಯುವ ಕೋರ್ಸ್ ಮಾಡುತ್ತಿದ್ದಳು. ಮಾತನ್ನು ಬೇರೆ ಕಡೆ ತಿರುಗಿಸಬೇಕಾದದ್ದು ತನ್ನ ಕೆಲಸವೆಂದುಕೊಂಡಳು.

"ಅಪ್ಪ, ಪ್ಲ್ಯಾನ್ ನಾನು ಹಾಕಿಕೊಡ್ತೀನಿ. ಹದಿನೆಂಟಡಿಗೆ ಹನ್ನೆರಡಡಿ ಜಾಗ ಇದೆ. ಮೂರೇ ವಾರದ ಕೆಲಸ."

"ನೋಡು, ನಮ್ಮ ಇಂಜಿನಿಯರಮ್ಮ" ಎಂದರು ಅಜ್ಜಿ. "ತನ್ನ ಹಾಸಿಗೆ ಮಡಿಚಿಡೋಕೆ ಬರಲ್ಲ, ಅಂಗಳಕ್ಕೆ ಪ್ಲ್ಯಾನ್ ಹಾಕ್ತಾಳಂತೆ."

ಮೊದಲ ಭಾನುವಾರ ಗುಜರಿಯವನು ಬಂದು ಎಂಜಿನ್ನು, ಟೈರು ಎತ್ತಿಕೊಂಡು ಹೋದ. ಇಟ್ಟಿಗೆ ಚೂರನ್ನು ಮಾತ್ರ ಮಗಳು ಬಿಡಲಿಲ್ಲ. "ಕಲ್ಲಿನ ಕೆಳಗೆ ಇದನ್ನೇ ಕುಟ್ಟಿ ಹಾಕ್ಬಹುದು" ಎಂದಳು. ಮೆಕ್ಯಾನಿಕ್ ಗುದ್ದಲಿ ಹಿಡಿದು ಒಂದಡಿ ಮಣ್ಣು ತೆಗೆದ. ಮಧ್ಯಾಹ್ನ ಮಲಗಲಿಲ್ಲ. ಟೈಲರಕ್ಕ ಒಳಗೆ ಕೂತು ಯೂನಿಫಾರ್ಮಿನ ಕಾಜಾ ಹಾಕುತ್ತ, ಗುದ್ದಲಿಯ ಸದ್ದು ನಿಲ್ಲುತ್ತದೆಯೇ ಎಂದು ಕಾಯುತ್ತಿದ್ದಳು. ಅದು ಸಂಜೆಯವರೆಗೂ ನಿಲ್ಲಲಿಲ್ಲ.

ಎರಡನೆಯ ವಾರ ಜಲ್ಲಿ, ಮರಳು, ಕಲ್ಲು ಬಂದವು. ಮಗಳು ಎರಡು ಕಡೆ ಗೂಟ ನೆಟ್ಟು ದಾರ ಕಟ್ಟಿದಳು. ಮನೆ ಕಡೆಯಿಂದ ಬೀದಿ ಕಡೆಗೆ, ಅಡಿಗೆ ಕಾಲಿಂಚಿನಂತೆ ಇಳಿಜಾರು ಇರಬೇಕೆಂದಳು. ಇಲ್ಲದಿದ್ದರೆ ಮಳೆ ನೀರು ನಿಂತು ಮತ್ತೆ ಕೆಸರೇ. ಮೆಕ್ಯಾನಿಕ್ ಕಣ್ಣಳತೆಯಲ್ಲಿ ಇಟ್ಟ ಮೊದಲ ಸಾಲಿನ ಮೇಲೆ ಅವಳು ರಸಮಟ್ಟ ಇಟ್ಟು ನೋಡಿದಳು.

"ಅಪ್ಪ, ಗುಳ್ಳೆ ನೋಡಿ. ನೀರು ಮನೆಯೊಳಗೆ ಬರತ್ತೆ."

"ಇಪ್ಪತ್ತೈದು ವರ್ಷ ಬಸ್ಸು ಎತ್ತಿದ ಕಣ್ಣು ಇದು. ಸರಿಯಾಗೇ ಇದೆ."

"ಬಸ್ಸಿಗೆ ಚಕ್ರ ಇದೆ ಅಪ್ಪ, ತಪ್ಪಾದ್ರೆ ಮುಂದೆ ಹೋಗಿಬಿಡತ್ತೆ. ಕಲ್ಲು ಇಲ್ಲೇ ಇರತ್ತೆ."

ಅಜ್ಜಿ ಕಿಟಕಿಯಿಂದ ಒಂದು ಚೊಂಬು ನೀರು ಹೊರಗೆ ನೀಡಿದರು. "ಜಗಳ ಯಾಕೆ? ಸುರಿದು ನೋಡಿ." ಮಗಳು ಸುರಿದಳು. ನೀರು ಸ್ವಲ್ಪ ಯೋಚನೆ ಮಾಡಿ, ನೇರವಾಗಿ ಬಾಗಿಲ ಕಡೆಗೆ ಹರಿದುಬಂತು. ಒಳಗಿದ್ದ ಟೈಲರಕ್ಕನಿಗೂ ನಗು ತಡೆಯಲಾಗಲಿಲ್ಲ. ಮೆಕ್ಯಾನಿಕ್ ಇಡೀ ಸಾಲನ್ನು ಕಿತ್ತು ಮತ್ತೆ ಇಟ್ಟ. ಎರಡನೆಯ ಚೊಂಬಿನ ನೀರು ಬೀದಿಗೆ ಹೋಯಿತು.

ದಲ್ಲಾಳಿಗೆ ಅಷ್ಟು ಸಾಲಲಿಲ್ಲ. ನಡುವೆ ಒಮ್ಮೆ ಬಂದು ಹಾಲ್ ನೋಡಿ, "ಅಕ್ಕಾ, ಇದು ಹಾಲ್ ಥರ ಕಾಣಲ್ಲ, ಅಂಗಡಿ ಥರ ಕಾಣತ್ತೆ" ಎಂದ. ಕಿಟಕಿಯ ಕೆಳಗೆ ಹೊಲಿಗೆ ಮಷೀನು, ಗೋಡೆಯುದ್ದ ಬಟ್ಟೆಯ ಗಂಟುಗಳು, ಮೊಳೆಗೆ ನೇತುಹಾಕಿದ ಅರೆಬರೆ ಶರ್ಟುಗಳು, ನೆಲದ ತುಂಬ ದಾರದ ಚೂರು. ಮುಂದಿನ ಭಾನುವಾರ ಎಲ್ಲವನ್ನೂ ಅಜ್ಜಿ ಮಲಗುವ ಹಿಂದಿನ ಕೋಣೆಗೆ ಸಾಗಿಸಿದರು. ಹಾಲ್‌ಗೆ ತಿಳಿ ಹಳದಿ ಬಣ್ಣ ಬಂತು. ಎರಡು ಬೆತ್ತದ ಕುರ್ಚಿ, ಮಧ್ಯೆ ಒಂದು ಚಿಕ್ಕ ಮೇಜು. ಅದರ ಮೇಲೆ ಯಾರೂ ಏನನ್ನೂ ಇಡಬಾರದೆಂದು ಮಗಳ ಆಜ್ಞೆ.

"ಹಾಗಾದ್ರೆ ಮೇಜು ಯಾಕೆ?" ಎಂದು ಅಜ್ಜಿ ಕೇಳಿದರು.

"ಖಾಲಿ ಕಾಣೋಕೆ ಅಜ್ಜಿ."

"ನಮ್ಮನೇಲಿ ಖಾಲಿ ಕಾಣೋಕೆ ಡಬ್ಬಗಳೇ ಸಾಕಿತ್ತಲ್ಲ."

ಹಿಂದಿನ ಕೋಣೆಯ ಕಿಟಕಿ ಅಂಗೈಯಷ್ಟು. ಮೂರನೆಯ ದಿನ ಟೈಲರಕ್ಕ ಒಂದು ಶರ್ಟಿನ ಎಡ ತೋಳನ್ನು ಬಲಕ್ಕೆ ಜೋಡಿಸಿಬಿಟ್ಟಳು. ಹೊಲಿಗೆ ಬಿಚ್ಚುತ್ತ ಕೂತವಳ ಕಣ್ಣು ಉರಿಯುತ್ತಿತ್ತು. ಮಂಚದ ಮೇಲಿದ್ದ ಅಜ್ಜಿ, "ಅಳ್ತಿದ್ದೀಯೇನೇ?" ಎಂದರು.

"ಇಲ್ಲ ಅತ್ತೆ. ಬೆಳಕಿಲ್ಲ."

"ನನಗೂ ಈ ಮನೆ ಬಿಟ್ಟು ಹೋಗೋಕೆ ಮನಸ್ಸಿಲ್ಲ. ಮನೆ ಜೊತೆ ನನ್ನನ್ನೂ ಮಾರಿಬಿಡಿ ಅಂದಿದ್ದೀನಿ ಅವನಿಗೆ."

"ನಿಮ್ಮನ್ನ ಕೊಂಡವರು ಎರಡೇ ದಿನಕ್ಕೆ ವಾಪಸ್ ತಂದುಬಿಡ್ತಾರೆ."

ಇಬ್ಬರೂ ನಕ್ಕರು. ಆಮೇಲೆ ಅವಳು ಮತ್ತೆ ತೋಳಿನ ಹೊಲಿಗೆ ಬಿಚ್ಚತೊಡಗಿದಳು.

ನಾಲ್ಕನೆಯ ಭಾನುವಾರ ಕಲ್ಲುಬೆಂಚು ಎದ್ದಿತು. ಐದನೆಯ ಭಾನುವಾರ ಗೇಟಿಗೆ ಕಡು ಹಸಿರು ಬಣ್ಣ. ಮಗಳಿಗೆ ಬೂದು ಬಣ್ಣ ಬೇಕಿತ್ತು. "ಮಾರೋರ ಮುಖದ ಬಣ್ಣ ಗೇಟಿಗೂ ಯಾಕೆ" ಎಂದು ಅಜ್ಜಿ ಹಸಿರನ್ನೇ ಗೆಲ್ಲಿಸಿದ್ದರು. ಗೋಡೆಯ ಬದಿಗೆ ಕುಂಡಗಳಲ್ಲಿ ದಾಸವಾಳ, ಮೂಲೆಯಲ್ಲಿ ಒಂದು ನಿಂಬೆ ಗಿಡ.

ಅವತ್ತು ಸಂಜೆ ಬಣ್ಣ ಒಣಗುವವರೆಗೆ ಗೇಟು ಮುಟ್ಟುವಂತಿರಲಿಲ್ಲವಾದ್ದರಿಂದ ಯಾರಿಗೂ ಎಲ್ಲಿಗೂ ಹೋಗಲಾಗಲಿಲ್ಲ. ಟೈಲರಕ್ಕ ಟೀ, ಬೇಯಿಸಿದ ಮೊಟ್ಟೆ, ಬ್ರೆಡ್ಡು ಹೊರಗೇ ತಂದಳು. ಅಜ್ಜಿಗೆ ಬೆಂಚಿನ ಮೇಲೆ ದಿಂಬು. ಮಗಳು ಕಲ್ಲಿನ ಮೇಲೇ ಕಾಲು ಚಾಚಿದಳು. ಹಗಲೆಲ್ಲ ಬಿಸಿಲು ಕುಡಿದ ಕಲ್ಲು ಇನ್ನೂ ಬೆಚ್ಚಗಿತ್ತು. ಬೀದಿಯಲ್ಲಿ ಹೋಗುತ್ತಿದ್ದ ಎದುರು ಮನೆಯ ನರ್ಸಮ್ಮ ನಿಂತು, "ಅಯ್ಯೋ, ಇದು ನಿಮ್ಮ ಮನೇನಾ? ನಾನು ಬೀದಿ ತಪ್ಪಿದೆ ಅನ್ಕೊಂಡೆ" ಎಂದಳು.

ಮೆಕ್ಯಾನಿಕ್ ಹೆಂಡತಿಯ ಪಕ್ಕ ಬಂದು ಕೂತ. ಕೈಗೆಲ್ಲ ಹಸಿರು ಬಣ್ಣ. "ಹೇಗಿದೆ?" ಎಂದ.

"ಚೆನ್ನಾಗಿದೆ."

"ಅಷ್ಟೇನಾ?"

ಅವಳು ಕಲ್ಲುಗಳ ಸಂದಿಯನ್ನೇ ನೋಡಿದಳು. ಎಲ್ಲವೂ ಒಂದೇ ಬೆರಳಗಲ. "ನಾನು ಅನ್ಕೊಂಡಿದ್ದಕ್ಕಿಂತ ಚೆನ್ನಾಗಿದೆ" ಎಂದಳು. "ಅದೇ ಕಷ್ಟ."

ಮುಂದಿನ ದಿನಗಳಲ್ಲಿ ಅವಳು ಸಂಜೆ ನಾಲ್ಕಕ್ಕೆ ಮಷೀನು ಮುಚ್ಚಿ, ಕೈಹೊಲಿಗೆಯ ಬಟ್ಟೆ ತೆಗೆದುಕೊಂಡು ಬೆಂಚಿಗೆ ಬರತೊಡಗಿದಳು. ಬೆಳಕು ಆರೂ ಇಪ್ಪತ್ತರವರೆಗೆ ಸಿಗುತ್ತಿತ್ತು. ಅಳತೆ ಕೊಡಲು ಬಂದವರು ಹಾಗೇ ಕೂತು ಮಾತಾಡುತ್ತಿದ್ದರು. ಯಾರದೋ ಮನೆಯ ಮದುವೆ, ಯಾರದೋ ಕಾಲುನೋವು. ಹದಿನೆಂಟು ವರ್ಷ ಬಾಗಿಲಲ್ಲೇ ನಿಂತು ಬಟ್ಟೆ ಕೊಟ್ಟು ಹೋಗುತ್ತಿದ್ದವರು ಇವರೇ. ಗುರುವಾರ ನರ್ಸಮ್ಮ ಅರ್ಧ ಗಂಟೆ ಕೂತು, ತನ್ನ ಮಗನ ವಿಷಯ ಹೇಳಿ ಕಣ್ಣೊರೆಸಿಕೊಂಡು ಹೋದಳು. ಪಕ್ಕದಲ್ಲಿ ಒಂದು ಆಳಿನಷ್ಟು ಜಾಗ ಮಾತ್ರ ಖಾಲಿ ಉಳಿಯುತ್ತಿತ್ತು. ಅಲ್ಲಿ ಗಂಡ ಕೂತಿದ್ದರೆ ಎಂದು ಒಂದೆರಡು ಸಲ ಅನ್ನಿಸಿ, ಸೂಜಿಗೆ ದಾರ ಪೋಣಿಸುತ್ತ ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು.

ಆರನೆಯ ವಾರ, ಬುಧವಾರ, ದಲ್ಲಾಳಿ ಮನೆ ಕೊಳ್ಳಲು ಬಂದ ಗಂಡ-ಹೆಂಡತಿಯನ್ನು ಕರೆತಂದ. ಕಾರಿಂದ ಇಳಿದರು. ಗಂಡ ಗೋಡೆ ತಟ್ಟುತ್ತ ಒಳಗೆ ಹೋದ. ಹೆಂಡತಿ ಅಂಗಳದಲ್ಲೇ ನಿಂತು, "ಇಲ್ಲಿ ಒಂದು ಉಯ್ಯಾಲೆ ಹಾಕ್ಬಹುದು" ಎಂದಳು. "ಈ ಬೆಂಚು ತೆಗೆಸಿದ್ರೆ ಕಾರಿಗೂ ಜಾಗ ಆಗತ್ತೆ."

ಟೈಲರಕ್ಕ ಟೀ ಲೋಟ ಕೊಡುತ್ತ, ಮೆತ್ತಗೆ, "ಜೋರು ಮಳೆ ಬಂದ್ರೆ ಬಚ್ಚಲಲ್ಲಿ ನೀರು ವಾಪಸ್ ಬರತ್ತೆ" ಎಂದಳು.

ದಲ್ಲಾಳಿಯ ಲೋಟ ಬಾಯಿ ಹತ್ತಿರವೇ ನಿಂತಿತು.

"ಮೊಣಕಾಲುದ್ದ ಏನಲ್ಲ, ಪಾದ ಮುಳುಗೋಷ್ಟು. ಹಿಂದಿನ ಕೋಣೇಲಿ ಗಾಳಿ ಇಲ್ಲ. ಬೇಸಿಗೇಲಿ ಅಲ್ಲಿ ಮಲಗೋಕಾಗಲ್ಲ. ಚಾವಣಿ ಒಂದು ಸಲ ಸೋರಿತ್ತು, ರಿಪೇರಿ ಮಾಡಿಸಿದ್ದೀವಿ. ಮತ್ತೆ ಸೋರಲ್ಲ ಅಂತ ಹೇಗೆ ಹೇಳೋದು?"

ಒಂದೂ ಸುಳ್ಳಲ್ಲ. ಅವರು ಟೀ ಪೂರ್ತಿ ಕುಡಿಯದೆ ಹೋದರು. ದಲ್ಲಾಳಿ ಗೇಟಿನ ಹತ್ತಿರ ತಿರುಗಿ, "ಅಕ್ಕಾ, ನಿಮ್ಮಂಥವರು ಇಬ್ಬರಿದ್ರೆ ನಾನು ತರಕಾರಿ ಮಾರ್ಬೇಕು" ಎಂದ.

ದಲ್ಲಾಳಿ ಮೆಕ್ಯಾನಿಕ್‌ಗೆ ಫೋನ್ ಮಾಡಿ ಎಲ್ಲ ಹೇಳಿದ್ದ. ಶನಿವಾರ ಮನೆಗೆ ಬಂದಾಗ ಅವನು ಚೀಲ ಕೆಳಗಿಡಲೂ ಇಲ್ಲ.

"ಏನು ಹೇಳಿದೆ ಅವರಿಗೆ?"

"ಇದ್ದದ್ದು ಹೇಳಿದೆ."

"ಕೇಳಿದ್ರಾ ಅವರು?"

"ಕೇಳದೆ ಇದ್ರೆ ಹೇಳ್ಬಾರದಾ? ಆಮೇಲೆ ಬಚ್ಚಲಲ್ಲಿ ನಿಂತು ನಮಗೆ ಶಾಪ ಹಾಕ್ಲಿ ಅಂತಾನಾ?"

"ಬಚ್ಚಲ ಮಾತು ಬಿಡು. ನಿನಗೆ ಮಾರೋಕೆ ಇಷ್ಟ ಇಲ್ಲ, ಅದನ್ನ ನೇರ ಹೇಳು."

"ಇಲ್ಲ! ಇಷ್ಟ ಇಲ್ಲ!" ಎಂದಳು ಟೈಲರಕ್ಕ. ಕೈಯಲ್ಲಿದ್ದ ಸೌಟು ಒಲೆಯ ಮೇಲೆ ಬಿತ್ತು. "ಹದಿನೆಂಟು ವರ್ಷ ಕೆಸರಲ್ಲಿ ಓಡಾಡ್ದೆ. ಒಂದು ಬೆಂಚು ಕೇಳಿದ್ದೆ. ಈಗ ಮಾಡಿದ್ರಿ. ಮೂರು ವಾರ ಕೂತಿಲ್ಲ ಅದರ ಮೇಲೆ, ಆಗಲೇ ಅದನ್ನ ಒಡೆದು ಕಾರು ನಿಲ್ಲಿಸ್ತೀನಿ ಅನ್ನೋರಿಗೆ ಕೊಟ್ಟುಬಿಡು ಅಂತೀರಿ. ನನ್ನ ಗಿರಾಕಿಗಳು ಇಲ್ಲಿದ್ದಾರೆ. ನನ್ನ ಕೆಲಸ ಇಲ್ಲಿದೆ. ಅಲ್ಲಿ ನನಗೆ ಯಾರಿದ್ದಾರೆ?"

ಮಾತು ಬಾಯಿಂದ ಹೋದ ಮೇಲೆ ಅವಳಿಗೇ ಕೇಳಿಸಿತು. ಮಗಳು ತಟ್ಟೆ ಜೋಡಿಸುವುದನ್ನು ನಿಲ್ಲಿಸಿದಳು.

"ಯಾರೂ ಇಲ್ಲ" ಎಂದ ಮೆಕ್ಯಾನಿಕ್. ಧ್ವನಿ ಇಳಿದಿತ್ತು. "ಅಲ್ಲಿ ನಿನಗೆ ಯಾರೂ ಇಲ್ಲ. ಸರಿ."

"ಹಾಗಲ್ಲ ರೀ..."

"ಮಾರ್ಬೇಕು ಅಂತಲೇ ಕಲ್ಲು ಹಾಕೋಕೆ ಶುರು ಮಾಡಿದ್ದು, ನಿಜ. ಮಾಡ್ತಾ ಮಾಡ್ತಾ ಯಾರಿಗೆ ಮಾಡ್ತಿದ್ದೀನಿ ಅನ್ನೋದೇ ಮರೆತುಹೋಯ್ತು. ಅದಕ್ಕೇ ಸಂದಿ ಎಲ್ಲಾ ಅಷ್ಟು ನೆಟ್ಟಗೆ ಬಂದಿರೋದು. ಬೇರೆಯವರಿಗಾದ್ರೆ ಯಾವನು ಅಷ್ಟು ಮಾಡ್ತಾನೆ?"

ಊಟಕ್ಕೆ ಕೂತರು. ಆಲೂಗಡ್ಡೆ ಪಲ್ಯ ತಣ್ಣಗಾಗಿತ್ತು. ಯಾರೂ ಬಿಸಿ ಮಾಡಲು ಏಳಲಿಲ್ಲ. ಅಜ್ಜಿ ಮಾತ್ರ ಮಗನ ಶರ್ಟನ್ನೇ ನೋಡುತ್ತಿದ್ದರು.

"ಅದೇನೋ ಅದು, ಜೇಬಿನ ಹತ್ರ? ಗೋಣಿಚೀಲ ಹೊಲಿದ ಹಾಗಿದೆ."

"ಹರಿದಿತ್ತು. ಹೊಲ್ಕೊಂಡೆ."

"ಹೆಂಡ್ತಿ ಊರಿಗೆಲ್ಲ ಬಟ್ಟೆ ಹೊಲೀತಾಳೆ, ನೀನು ಹೊಲ್ಕೊಂಡೆ!"

"ವಾರದ ಮಧ್ಯೆ ಹರಿದ್ರೆ ಶನಿವಾರದವರೆಗೂ ಕಾಯ್ತಾರಾ ಅಮ್ಮ?"

ಸೋಮವಾರ ಅವನು ಹೋದ ಮೇಲೆ ಆ ಶರ್ಟು ಒಗೆಯುವ ಬಟ್ಟೆಯಲ್ಲಿ ಸಿಕ್ಕಿತು. ಬಸ್ಸಿನ ಸೀಟು ಹೊಲಿಯುವ ದಪ್ಪ ಕಪ್ಪು ದಾರ. ಒಂದು ಟಾಕೂ ಇನ್ನೊಂದರ ಹಾಗಿಲ್ಲ. ಟೈಲರಕ್ಕ ಅದನ್ನು ಬಿಚ್ಚಲೆಂದು ಕತ್ತರಿ ತೆಗೆದಳು. ಎರಡು ಟಾಕು ಕತ್ತರಿಸಿ ನಿಲ್ಲಿಸಿದಳು. ಈ ಮೂರು ವರ್ಷದಲ್ಲಿ ಅವನು ಮಲಗುವ ಜಾಗವನ್ನು ತಾನು ಒಮ್ಮೆಯೂ ನೋಡಿಲ್ಲ. ಅವನು ಎಂದೂ ಕರೆದಿರಲಿಲ್ಲ, ಅವಳು ಎಂದೂ ಕೇಳಿರಲಿಲ್ಲ.

"ಅತ್ತೆ, ನಾಳೆ ಅಡುಗೆ ನೀವಿಬ್ಬರೇ ನೋಡ್ಕೊಳ್ಳಿ. ನಾನು ಅಲ್ಲಿಗೆ ಹೋಗಿಬರ್ತೀನಿ."

"ಎಲ್ಲಿಗೆ?"

"ನಿಮ್ಮ ಮಗನ ಹತ್ರ."

"ಜಗಳ ಅರ್ಧಕ್ಕೇ ನಿಂತಿತ್ತು ಅಂತಾನಾ?" ಎಂದರು ಅಜ್ಜಿ. ಆಮೇಲೆ ಸೊಸೆಯ ಮುಖ ನೋಡಿ, "ಹೋಗಿ ಬಾ" ಎಂದರು.

ಬೆಳಗಿನ ಮೊದಲ ಬಸ್ಸು ಹಿಡಿದು ಅವಳು ಹನ್ನೊಂದಕ್ಕೆ ಡಿಪೋ ತಲುಪಿದಳು. ಗೇಟಿನ ಒಳಗೆ ನಲವತ್ತೋ ಐವತ್ತೋ ಬಸ್ಸು, ನೆಲವೆಲ್ಲ ಎಣ್ಣೆ. ಮೆಕ್ಯಾನಿಕ್ ಒಂದು ಬಸ್ಸಿನ ಕೆಳಗಿದ್ದ, ಕಾಲಷ್ಟೇ ಕಾಣುತ್ತಿತ್ತು. ಕಾಲಿನ ಗುರುತು ಅವಳಿಗೆ ತಕ್ಷಣ ಸಿಕ್ಕಿತು. ಯಾರೋ ಕೂಗಿ ಹೇಳಿದರು. ಅವನು ಜಾರಿಕೊಂಡು ಹೊರಬಂದು, ಅವಳನ್ನು ಕಂಡು ಗಾಬರಿಯಾದ.

"ಅಮ್ಮನಿಗೆ ಏನಾಯ್ತು?"

"ಏನೂ ಆಗಿಲ್ಲ. ಎಲ್ಲರೂ ಚೆನ್ನಾಗಿದ್ದಾರೆ. ನೋಡ್ಬೇಕು ಅನ್ನಿಸ್ತು, ಬಂದೆ."

ಅವನಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. ಪಕ್ಕದ ಬಸ್ಸಿನಿಂದ ತಲೆನರೆತ ಎಲೆಕ್ಟ್ರಿಷಿಯನ್ ಇಣುಕಿದ. "ಓಹೋ, ಕಲ್ಲುಬೆಂಚಿನ ಅಕ್ಕ ನೀವೇನಾ! ನಿಮ್ಮ ಅಂಗಳದ ಇಳಿಜಾರು ನಮಗೆಲ್ಲ ಬಾಯಿಪಾಠ ಅಕ್ಕ. ಅಡಿಗೆ ಕಾಲಿಂಚು. ದಿನಾ ರಾತ್ರಿ ಊಟಕ್ಕೆ ಅದೇ ಪಲ್ಯ."

"ಸುಮ್ನಿರಯ್ಯ" ಎಂದ ಮೆಕ್ಯಾನಿಕ್. ಕಿವಿ ಕೆಂಪಾಗಿತ್ತು.

ಊಟದ ಬಿಡುವಿನಲ್ಲಿ ಅವಳನ್ನು ಮೇಲಿನ ಕೋಣೆಗೆ ಕರೆದೊಯ್ದ. ಉದ್ದನೆಯ ಕೋಣೆ, ಎಂಟು ಮಂಚ, ಎರಡು ಕಿಟಕಿ. ಕಿಟಕಿಗೆ ಪರದೆಯಿಲ್ಲ, ಹಳೆಯ ಪೇಪರು ಅಂಟಿಸಿತ್ತು. ಅವನ ಮಂಚ ಬಾಗಿಲ ಪಕ್ಕದ್ದು. ಅದರ ಕೆಳಗೆ ಒಂದು ಟ್ರಂಕು. ಅದರೊಳಗೆ ಎರಡು ಜೊತೆ ಬಟ್ಟೆ, ಒಂದು ತಟ್ಟೆ, ಒಂದು ಲೋಟ, ಜ್ವರದ ಮಾತ್ರೆ.

"ಜ್ವರ ಬಂದಿತ್ತಾ?"

"ಹೋದ ವರ್ಷ. ನಾಲ್ಕು ದಿನ."

"ಹೇಳಲೇ ಇಲ್ಲ."

"ಹೇಳಿದ್ರೆ ನೀನೇನು ಮಾಡ್ತಿದ್ದೆ? ಅಲ್ಲಿ ಕೂತು ಒದ್ದಾಡ್ತಿದ್ದೆ."

ಕ್ಯಾಂಟೀನಿನಿಂದ ಅನ್ನ, ಸೊಪ್ಪಿನ ಸಾರು ತಂದ. ತಟ್ಟೆ ಒಂದೇ. ಅದನ್ನು ಅವಳಿಗೆ ಕೊಟ್ಟು, ತಾನು ಡಬ್ಬಿಯ ಮುಚ್ಚಳದಲ್ಲಿ ಬಡಿಸಿಕೊಂಡ. ಮಂಚದ ಅಂಚಿನಲ್ಲಿ, ಮೊಣಕಾಲ ಮೇಲೆ ಮುಚ್ಚಳ ಇಟ್ಟುಕೊಂಡು ತಿನ್ನುವುದು ಅವನಿಗೆ ಚೆನ್ನಾಗಿ ರೂಢಿಯಾಗಿತ್ತು. ಒಂದು ಅಗುಳೂ ಬೀಳಲಿಲ್ಲ. ಅವಳು ಅದನ್ನೇ ನೋಡುತ್ತಿದ್ದಳು.

"ದಿನಾ ಹೀಗೇನಾ?"

"ಹೂಂ. ಯಾಕೆ, ಸಾರು ಚೆನ್ನಾಗಿಲ್ವಾ?"

"ಉಪ್ಪು ಜಾಸ್ತಿ."

"ರಾತ್ರಿ ಇನ್ನೂ ಜಾಸ್ತಿ ಇರತ್ತೆ" ಎಂದು ನಕ್ಕ. ಆಮೇಲೆ ತಾನಾಗಿಯೇ ಹೇಳಿದ: "ನನಗೆ ದೊಡ್ಡ ಮನೆ ಬೇಕಂತೇನಿಲ್ಲ. ಕೆಲಸ ಮುಗಿಸಿ ಹೋದ್ರೆ, ಯಾಕೆ ತಡ ಅಂತ ಕೇಳೋಕೆ ಯಾರಾದ್ರೂ ಇರ್ಬೇಕು. ಅಷ್ಟೇ. ಮಗಳು ಹದಿನಾರರಲ್ಲಿ ನೋಡಿದ ಹಾಗೇ ಇದ್ದಾಳೆ ನನ್ನ ತಲೇಲಿ. ಅವತ್ತು ರಸಮಟ್ಟ ಹಿಡಿದು ನನ್ನನ್ನೇ ಬೈದಾಗ ಗೊತ್ತಾಯ್ತು, ಇವಳು ಬೆಳೆದಿದ್ದಾಳೆ ಅಂತ. ಯಾವಾಗ ಬೆಳೆದಳು?"

ಅವಳು ತಟ್ಟೆ ಕೆಳಗಿಟ್ಟಳು. ಅವತ್ತು ಅಲ್ಲೇ ಉಳಿಯಬೇಕೆನ್ನಿಸಿತು. ಅವನೇ ಹೇಳಿದ, ಇಲ್ಲಿ ಹೆಂಗಸರು ಉಳಿಯುವ ಹಾಗಿಲ್ಲ, ಎರಡು ಗಂಟೆಗೆ ಬಸ್ಸಿದೆ. ನಿಲ್ದಾಣದವರೆಗೆ ಬಂದು ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟ. ಬಸ್ಸು ಹೊರಟ ಮೇಲೂ ಕೈ ಬೀಸದೆ, ಸುಮ್ಮನೆ ನಿಂತೇ ಇದ್ದ.

ಮಾರನೆಯ ಬೆಳಗ್ಗೆ ಟೈಲರಕ್ಕನೇ ದಲ್ಲಾಳಿಗೆ ಫೋನ್ ಮಾಡಿದಳು.

"ಬೇರೆ ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ. ಆದ್ರೆ ಬಚ್ಚಲು ಸರಿ ಮಾಡಿಸಿದ ಮೇಲೆ."

"ನೀವು ಮನೇಲಿರ್ತೀರಾ ಅಕ್ಕ?" ಎಂದ ದಲ್ಲಾಳಿ ಹುಷಾರಾಗಿ.

"ಇರ್ತೀನಿ. ಭಯ ಪಡ್ಬೇಡಿ."

ಮುಂದಿನ ಎರಡು ಭಾನುವಾರ ಮೆಕ್ಯಾನಿಕ್ ಮತ್ತು ಮಗಳು ಬಚ್ಚಲ ಕೊಳವೆ ಅಗೆದರು. ಒಳಗೆ ಮನೆ ಕಟ್ಟಿದವರು ಬಿಟ್ಟಿದ್ದ ಒಂದು ಇಡೀ ಇಟ್ಟಿಗೆ ಸಿಕ್ಕಿತು. ಈ ಇಟ್ಟಿಗೆಯನ್ನು ಹದಿನೆಂಟು ವರ್ಷ ಬೈದುಕೊಂಡೇ ಸ್ನಾನ ಮಾಡಿದೆವಲ್ಲ ಎಂದು ಅಜ್ಜಿ ಅದನ್ನು ತಿರುವಿ ತಿರುವಿ ನೋಡಿದರು.

ಎರಡನೆಯ ಸಲ ಬಂದವರು ಒಬ್ಬರೇ. ಆಗಷ್ಟೇ ನಿವೃತ್ತಿಯಾದ ಶಾಲೆ ಟೀಚರ್. ಸಂಜೆ ಐದರ ಹೊತ್ತು. ಗೇಟು ತೆರೆದು ಬಂದವರು ಒಳಗೆ ಹೋಗದೆ ಬೆಂಚಿನ ಮೇಲೆ ಕೂತರು. ಅಂಗೈಯಲ್ಲಿ ಕಲ್ಲು ಸವರಿದರು. ದಲ್ಲಾಳಿ "ಮೇಡಂ, ಹಾಲ್ ನೋಡಿ, ಹೊಸ ಬಣ್ಣ" ಎಂದರೂ ಏಳಲಿಲ್ಲ.

"ಸಂಜೆ ಬೆಳಕು ಎಷ್ಟು ಹೊತ್ತು ಇರತ್ತೆ ಇಲ್ಲಿ?" ಎಂದು ಟೈಲರಕ್ಕನನ್ನು ಕೇಳಿದರು.

"ಆರೂ ಇಪ್ಪತ್ತು. ಆಮೇಲೆ ಎದುರು ಮನೆ ನೆರಳು ಬೀಳತ್ತೆ. ಓದೋಕೆ ಬೇಕಾ?"

"ಓದೋಕೆ. ಮೂವತ್ತು ವರ್ಷ ಬಾಡಿಗೆ ಮನೆಗಳಲ್ಲೇ ಇದ್ದೆ. ಎಲ್ಲಾ ಮೂರನೇ ಮಹಡಿ, ನಾಲ್ಕನೇ ಮಹಡಿ. ಕಾಲು ಕೆಳಗಿಟ್ರೆ ನೆಲ ಸಿಗೋ ಮನೆ ಬೇಕು ಅಂತ ಆಸೆ."

"ಹಿಂದಿನ ಕೋಣೇಲಿ ಗಾಳಿ ಇಲ್ಲ" ಎಂದಳು ಟೈಲರಕ್ಕ. ದಲ್ಲಾಳಿ ಕಣ್ಣು ಮುಚ್ಚಿಕೊಂಡ. "ಅಲ್ಲಿ ಸಾಮಾನು ಇಡಿ, ಮಲಗ್ಬೇಡಿ. ಮುಂದಿನ ಕೋಣೇಲಿ ಮಲಗಿ. ಹೊಲಿಗೆ ಗಿಲಿಗೆ ಇದ್ರೆ ಹಾಲ್ ಕಿಟಕಿ ಕೆಳಗೆ ಒಳ್ಳೆ ಬೆಳಕು. ಗುರುವಾರ ಎದುರು ಮನೆ ನರ್ಸಮ್ಮ ಬಂದು ಕೂರ್ತಾಳೆ. ಅವಳಿಗೆ ಮಾತಾಡೋಕೆ ಯಾರಾದ್ರೂ ಬೇಕು. ಬೇಡ ಅನ್ಬೇಡಿ."

ಟೀಚರ್ ಅವಳ ಕಡೆ ತಿರುಗಿದರು. "ನಿಮಗೆ ಇದನ್ನ ಬಿಡೋಕೆ ಮನಸ್ಸಿಲ್ಲ, ಅಲ್ವಾ?"

"ಇಲ್ಲ" ಎಂದಳು ಟೈಲರಕ್ಕ. "ಆದ್ರೂ ನೀವು ತಗೊಳ್ಳಿ. ಬೆಂಚು ಮಾತ್ರ ಒಡೀಬೇಡಿ."

ಮಗಳ ಕೋರ್ಸು ಮುಗಿದ ವಾರ ಲಾರಿ ಬಂತು. ಅಜ್ಜಿ ಎಲ್ಲರಿಗಿಂತ ಮೊದಲು ಡ್ರೈವರ್ ಪಕ್ಕ ಹತ್ತಿ ಕೂತು, ತಡ ಯಾಕೆ ಎಂದು ಎಲ್ಲರನ್ನೂ ಬೈದರು. ಮನೆ ಜೊತೆ ತಮ್ಮನ್ನೂ ಮಾರಿ ಎಂದದ್ದನ್ನು ಯಾರೂ ನೆನಪಿಸಲಿಲ್ಲ. ಟೈಲರಕ್ಕ ಕೊನೆಗೆ ಅಂಗಳ ಗುಡಿಸಿ, ಗಿಡಗಳಿಗೆ ನೀರು ಹಾಕಿ, ಗೇಟು ಮುಚ್ಚಿದಳು. ಲಾರಿ ತಿರುವಿನವರೆಗೆ ಹೋಗುವಾಗ ಅವಳು ಹಿಂದೆ ನೋಡಲಿಲ್ಲ. ನೋಡಿದ್ದರೆ ಇಳಿದುಬಿಡುತ್ತಿದ್ದೆ ಎಂದು ಆಮೇಲೆ ಮಗಳಿಗೆ ಹೇಳಿದಳು.

ಹೊಸ ಮನೆ ಬಾಡಿಗೆಯದು; ಎರಡನೇ ಮಹಡಿ. ಎರಡು ಕೋಣೆ, ಒಂದು ಅಡುಗೆಮನೆ, ಬಾಗಿಲಾಚೆ ನಾಲ್ಕು ಮನೆಗೆ ಸೇರಿದ ಇಕ್ಕಟ್ಟಾದ ಓಣಿ. ಮಷೀನಿಗೆ ಕಿಟಕಿ ಸಿಕ್ಕಿತು, ಗಿರಾಕಿ ಇನ್ನೂ ಸಿಕ್ಕಿರಲಿಲ್ಲ. ಮೊದಲ ಎರಡು ದಿನ ಮೆಕ್ಯಾನಿಕ್ ರಜೆ ಹಾಕಿ ಕಪಾಟು ಜೋಡಿಸಿದ, ನಲ್ಲಿ ಬಿಗಿ ಮಾಡಿದ. ಬುಧವಾರ ಕೆಲಸಕ್ಕೆ ಹೋದ.

ಸಂಜೆ ಟೈಲರಕ್ಕ ಅಡುಗೆ ಮುಗಿಸಿ ಕಿಟಕಿಯ ಬಳಿ ನಿಂತಳು. ಎದುರಿಗೆ ಇನ್ನೊಂದು ಕಟ್ಟಡದ ಗೋಡೆ. ಗಡಿಯಾರ ಆರೂ ಇಪ್ಪತ್ತು ತೋರಿಸುತ್ತಿತ್ತು. ಅಲ್ಲಿ ಈಗ ನೆರಳು ಬಿದ್ದಿರುತ್ತದೆ, ಟೀಚರ್ ಪುಸ್ತಕ ಮಡಿಚಿ ಏಳುತ್ತಿರುತ್ತಾರೆ ಎನ್ನಿಸಿತು. ಅಜ್ಜಿ ಹಸಿವೆಂದು ಕೂಗಿದ್ದಕ್ಕೆ ತಟ್ಟೆ ಹಾಕಿ, ಅನ್ನ ಬಡಿಸಿದಳು. ಅಜ್ಜಿ ಕೂತರು, ಮಗಳು ಕೂತಳು, ಅವಳೂ ಕೂತಳು.

ಬಾಗಿಲು ತಟ್ಟಿದ ಸದ್ದಾಯಿತು. ಮಗಳು ಎದ್ದು ತೆಗೆದಳು. ಮೆಕ್ಯಾನಿಕ್, ಎಣ್ಣೆಯ ಕೈ, ಒಂದು ಕಟ್ಟು ಸೊಪ್ಪು. ಒಳಗೆ ಬಂದವನು ನೆಲದ ಮೇಲಿದ್ದ ಮೂರು ತಟ್ಟೆಗಳನ್ನು ನೋಡಿದ. ಟೈಲರಕ್ಕನೂ ನೋಡಿದಳು. ಮೂರು ವರ್ಷ ವಾರದ ದಿನಗಳಲ್ಲಿ ಮೂರೇ ಹಾಕಿ ರೂಢಿಯಾಗಿತ್ತು. ಕೈ ತಾನಾಗಿ ಅಷ್ಟೇ ಹಾಕಿತ್ತು.

ಅವಳ ಮುಖ ಕಪ್ಪಿಟ್ಟಿತು. ಏಳಲು ಹೋದಳು.

"ಕೂತ್ಕೋ" ಎಂದ ಅವನು. ಕೈ ತೊಳೆದು, ಅಡುಗೆಮನೆಗೆ ಹೋಗಿ, ಯಾವ ಕಪಾಟಿನಲ್ಲಿದೆಯೆಂದು ಹುಡುಕಿ, ತಟ್ಟೆ ತಂದುಕೊಂಡು ಅವಳ ಪಕ್ಕ ಕೂತ. ಅವಳ ಕಣ್ಣು ತುಂಬಿದ್ದನ್ನು ಕಂಡು, "ಆ ಮನೆ ನೆನಪಾಯ್ತಾ?" ಎಂದು ಮೆಲ್ಲಗೆ ಕೇಳಿದ.

"ಹೂಂ."

"ತುಂಬಾನಾ?"

"ತುಂಬಾ" ಎಂದಳು ಅವಳು. ಮುಚ್ಚಿಡಲಿಲ್ಲ. ಸೌಟು ತೆಗೆದು ಅವನ ತಟ್ಟೆಗೆ ಅನ್ನ ಬಡಿಸಿದಳು, ಮೇಲೆ ಬೇಳೆ ಹಾಕಿದಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು:

"ಯಾಕ್ರೀ ಇಷ್ಟು ತಡ?"